ಗುಣವಾದ ಮನೆಯ ಮಷೀನು

ಚೂಡಾಮಣಿಯವರ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ ಪ್ರಶ್ನೆ ಒಂದೇ. "ಇದು ಮೊದ್ಲು ಯಾರ ಮನೇಲಿತ್ತು? ಅವ್ರು ಈಗ ಹೇಗಿದಾರೆ?"

ಮಲ್ಲೇಶ್ವರದ ಆ ಮನೆಯ ಮುಂಗೋಣೆಯ ತುಂಬ ಕಾಯಿಲೆಯವರ ಸಾಮಾನು. ವಾಕರ್, ವೀಲ್‌ಚೇರ್, ಮಡಿಸುವ ಮಂಚ, ಗಾಳಿ ಹಾಸಿಗೆ. ಕಾಯಿಲೆ ಮುಗಿದ ಮನೆಯವರು ತಂದುಕೊಡುತ್ತಿದ್ದರು, ಶುರುವಾದ ಮನೆಯವರು ಒಯ್ಯುತ್ತಿದ್ದರು. ಬಾಡಿಗೆಯಿಲ್ಲ, ಉಪಕಾರವೆಂಬ ಡಂಗುರವೂ ಇಲ್ಲ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಆಯುಷ್ಯ ಸವೆಸಿ ನಿವೃತ್ತರಾದ ಚೂಡಾಮಣಿಯವರಿಗೆ ಇದು ಎರಡನೆಯ ನೌಕರಿ. ಕೌಂಟರಿನ ಗದರಿಕೆ ಮಾತ್ರ ನಿವೃತ್ತವಾಗಿರಲಿಲ್ಲ.

"ಮಷೀನಿಗೂ ಜಾತಕ ಇರುತ್ತೇನ್ರಿ? ಅದೊಂದು ಮೋಟರು. ಎಳೆಯುತ್ತೋ ಇಲ್ವೋ, ಅಷ್ಟು ನೋಡ್ಕೊಂಡು ತಗೊಂಡ್ಹೋಗಿ!"

ಈ ಜಗಳ ಹೆಚ್ಚಾಗಿ ನಡೆಯುತ್ತಿದ್ದುದು ಕಫ ಎಳೆಯುವ ಮಷೀನುಗಳ ಬಗ್ಗೆ. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟ ರೋಗಿ ನಮ್ಮ ನಿಮ್ಮ ಹಾಗೆ ಕೆಮ್ಮಿ ಉಗುಳಲಾರ. ಕೊಳವೆಯೊಳಗೆ ಸಪೂರ ನಳಿಕೆ ಇಳಿಸಿ, ಕಫವನ್ನು ಮಷೀನಿನಿಂದ ಎಳೆದು ತೆಗೆಯಬೇಕು; ತೆಗೆಯದಿದ್ದರೆ ಉಸಿರು ಕಟ್ಟುತ್ತದೆ. ಅಂಥ ಮಷೀನು ಅವರಲ್ಲಿ ಎರಡಿದ್ದವು. ದೊಡ್ಡದು ಎರಡು ಜಾರಿನದು, ಕರೆಂಟು ಹೋದರೆ ಬ್ಯಾಟರಿಯ ಮೇಲೆ ಓಡುವಂಥದು, ಎಳೆತ ಜೋರು. ಸಣ್ಣದು ಊಟದ ಕ್ಯಾರಿಯರಿನಷ್ಟಿದ್ದು ಸದ್ದು ಕಡಿಮೆ, ಎಳೆತವೂ ಕಡಿಮೆ. ಆರಿಸಲು ಬಂದವರಿಗೆ ಚೂಡಾಮಣಿಯವರು ತಮ್ಮದೇ ಪರೀಕ್ಷೆಯೊಂದನ್ನು ತೋರಿಸುತ್ತಿದ್ದರು. ಅಡಿಗೆಮನೆಯಿಂದ ಒಂದು ಲೋಟ ಗಂಜಿ ತಂದು ನಳಿಕೆಯನ್ನು ಅದರಲ್ಲಿ ಅದ್ದುವುದು. "ನೀರನ್ನ ಯಾವ ಮಷೀನಾದ್ರೂ ಎಳೆಯುತ್ತೆ. ಕಫ ನೀರಲ್ಲ." ದೊಡ್ಡದು ಗಂಜಿಯನ್ನು ಗಟಗಟ ಕುಡಿಯುತ್ತಿತ್ತು. ಸಣ್ಣದು ಅರ್ಧಕ್ಕೆ ತೇಗುತ್ತಿತ್ತು.

ಆದರೂ ಜನ ಕೇಳುತ್ತಿದ್ದುದು ಸಣ್ಣದನ್ನೇ. ಕಾರಣ, ದೊಡ್ಡದು ಹೋದ ಮನೆಯಿಂದೆಲ್ಲ ವೈಕುಂಠ ಸಮಾರಾಧನೆ ಮುಗಿದ ಮೇಲೆಯೇ ವಾಪಸು ಬಂದಿತ್ತು. ಸಣ್ಣದು ಹೋಗಿದ್ದು ಶ್ರೀನಿವಾಸಯ್ಯನವರ ಮನೆಗೆ. ಅವರು ಎದ್ದು ಕೂತು, ನಡೆದಾಡಿ, ಕೊನೆಗೆ ತಾವೇ ಆಟೋದಲ್ಲಿ ಮಷೀನು ತಂದು ತೆಂಗಿನಕಾಯಿ ತಾಂಬೂಲದ ಸಮೇತ ಒಪ್ಪಿಸಿ ಹೋದರು. ಸುದ್ದಿ ಬಡಾವಣೆಯೆಲ್ಲ ಹಬ್ಬಿತು. ಗುಣವಾದ ಮನೆಯ ಮಷೀನು ಎಂದು ಹೆಸರೇ ಬಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಏನು ಸಂಬಂಧವೆಂದು ಚೂಡಾಮಣಿಯವರು ಗಂಟಲು ಹರಿದುಕೊಂಡರು. ಡಿಗ್ರಿ ಓದಿದವರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಅವರ ಯಜಮಾನರಿಗೇ ಲಕ್ವ ಹೊಡೆಯಿತು.

ರಾಮಾನುಜರು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವರು, ಸೌಮ್ಯ ಜೀವ. ಹೆಂಡತಿಯ ಗದರಿಕೆಗೆಲ್ಲ ನಗುವೇ ಅವರ ಉತ್ತರ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಸತ್ತಿತ್ತು, ಮಾತು ಹೋಗಿತ್ತು, ಗಂಟಲಲ್ಲಿ ಕೊಳವೆಯಿತ್ತು. ಜೊತೆಗೆ ಬಂದ ನರ್ಸ್ ರಕ್ಷಿತಾ ಎರಡೂ ಮಷೀನನ್ನು ಓಡಿಸಿ, ನಳಿಕೆಯ ಬಾಯಿಗೆ ಹೆಬ್ಬೆರಳು ಒತ್ತಿ, ಎಳೆತ ತೋರಿಸುವ ಮುಳ್ಳು ಎಲ್ಲಿಯವರೆಗೆ ಏರುತ್ತದೆಂದು ನೋಡಿದಳು.

"ಆಂಟಿ, ದೊಡ್ಡದೇ ಇರ್ಲಿ. ಅಂಕಲ್‌ಗೆ ಕಫ ಗಟ್ಟಿ ಆಗೋ ಚಾನ್ಸ್ ಜಾಸ್ತಿ. ಸಣ್ಣದನ್ನ ನಂಬ್ಕೋಬೇಡಿ."

"ನಂಗೆ ಹೇಳ್ಕೊಡ್ತೀಯೇನೇ? ದೊಡ್ಡದೇ," ಎಂದರು ಚೂಡಾಮಣಿ.

ರಕ್ಷಿತಾ ಹೋದ ಮೇಲೆ ಅವರು ದೊಡ್ಡ ಮಷೀನನ್ನು ಮಂಚದ ಪಕ್ಕಕ್ಕೆ ತಳ್ಳಿದರು. ಅದನ್ನು ವಾಪಸು ತರಲು ಹೋದ ಮನೆಗಳೆಲ್ಲ ನೆನಪಾದವು. ಎಲ್ಲ ಮನೆಯಲ್ಲೂ ಅದು ಜಗುಲಿಯ ಮೂಲೆಯಲ್ಲಿ, ಒದ್ದೆ ಬಟ್ಟೆ ಹೊದ್ದು ಕೂತಿತ್ತು. ಒಂದು ಮನೆಯ ವಿಧವೆ ಬಾಗಿಲಾಚೆಯಿಂದಲೇ, ಮೊದಲು ತಗೊಂಡ್ಹೋಗಿ ಅದನ್ನ ಎಂದು ಕೂಗಿದ್ದರು. ಮಂಚದಲ್ಲಿ ರಾಮಾನುಜರು ಕಣ್ಣು ಮುಚ್ಚಿ ಮಲಗಿದ್ದರು. ಚೂಡಾಮಣಿಯವರು ಮಷೀನನ್ನು ಮತ್ತೆ ಮುಂಗೋಣೆಗೆ ಎಳೆದು, ಸಣ್ಣದನ್ನು ಒಳಗೆ ತಂದು ಬಾಗಿಲು ಹಾಕಿದರು. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎಂದು ಇನ್ನೊಬ್ಬರಿಗೆ ಅವರೇ ಎಷ್ಟು ಸಲ ಅಂದಿದ್ದರೋ.

ಬೆಳಗ್ಗೆ ಪಕ್ಕದ ವೈಯಾಲಿಕಾವಲ್‌ನಿಂದ ಫೋನ್ ಬಂತು. ವಿಶಾಖಾ ಎಂಬ ಹೆಣ್ಣುಮಗಳು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಅವಳ ಅಪ್ಪ ಬೈರಯ್ಯ ಜಲಮಂಡಳಿಯಲ್ಲಿ ವಾಲ್ವ್‌ಮನ್ ಆಗಿದ್ದವರು. ಗಂಟಲಿಗೆ ಕ್ಯಾನ್ಸರ್ ಆಪರೇಷನ್ ಆಗಿ ಕೊಳವೆ ಹಾಕಿದ್ದಾರೆ, ಮಷೀನು ಸಿಗುತ್ತದೆಯೇ ಎಂದು ಕೇಳಿದಳು. ಸಿಗುತ್ತೆ, ಈಗಲೇ ಬಾ ಎಂದರು ಚೂಡಾಮಣಿ. ದನಿಯಲ್ಲಿದ್ದ ಆತುರ ಅವರಿಗೇ ಕೇಳಿಸಿತು.

ವಿಶಾಖಾ ಬಂದಳು. ಹಿಂದೆ ಯಾರ ಮನೆಯಲ್ಲಿತ್ತೆಂದು ಕೇಳಲೇ ಇಲ್ಲ. ದೊಡ್ಡದು ಗಂಜಿ ಎಳೆದ ರಭಸ ನೋಡಿ ಅವಳ ಕಣ್ಣು ತುಂಬಿತು. "ನಿಮ್ಮ ಉಪಕಾರ ಮರೆಯಲ್ಲ ಮೇಡಂ. ಇಷ್ಟು ಒಳ್ಳೇದನ್ನ ಕೊಡ್ತಿದೀರ."

ಚೂಡಾಮಣಿಯವರ ತಾಯಿ ಶನಿವಾರ ಎಳ್ಳು ದಾನ ಕೊಡುತ್ತಿದ್ದರು. ಕೊಟ್ಟವರು ತಿರುಗಿ ನೋಡಬಾರದು ಎನ್ನುತ್ತಿದ್ದರು. ಸ್ಕೂಟರಿನ ಮುಂದೆ ಮಷೀನಿಟ್ಟುಕೊಂಡು ವಿಶಾಖಾ ಹೊರಟಾಗ ಚೂಡಾಮಣಿಯವರು ಗೇಟಿನವರೆಗೆ ಹೋಗಲಿಲ್ಲ. ಒಳ್ಳೆಯ ಮಷೀನನ್ನೇ ಕೊಟ್ಟೆನಲ್ಲ, ಅನ್ಯಾಯವೇನೂ ಆಗಲಿಲ್ಲ ಎಂದುಕೊಂಡರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಂಚದ ಪಕ್ಕದಲ್ಲಿ ಸಣ್ಣ ಮಷೀನೇ ಉಳಿಯಿತು.

ಮುಂದಿನ ಸಲ ರಕ್ಷಿತಾ ಬಂದು ದೊಡ್ಡದೆಲ್ಲಿ ಎಂದು ಕೇಳಿದಳು. ಬ್ಯಾಟರಿ ಕೆಟ್ಟಿದೆ, ರಿಪೇರಿಗೆ ಹೋಗಿದೆ ಎಂದರು. ಹಾಗಾದರೆ ಹೊಸದನ್ನಾದರೂ ತರಿಸಿ ಎಂದಳು ರಕ್ಷಿತಾ. ಹೂಂ ಎಂದರೇ ಹೊರತು ತರಿಸಲಿಲ್ಲ. ಹೊಸ ಮಷೀನು ಯಾರನ್ನೂ ಗುಣ ಮಾಡಿರಲಿಲ್ಲವಲ್ಲ. ಅತ್ತ ವಿಶಾಖಾ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಿದ್ದಳು. ಬೈರಯ್ಯ ಕುರ್ಚಿಯಲ್ಲಿ ಕೂತಿರುವುದು, ಬೈರಯ್ಯ ಬಾಗಿಲಿಗೆ ಒರಗಿ ನಿಂತಿರುವುದು. ನೋಡಿದಾಗ ಚೂಡಾಮಣಿಯವರಿಗೆ ಸಂತೋಷವಾಗುತ್ತಿರಲಿಲ್ಲ. ಹೆದರಿಕೆಯಾಗುತ್ತಿತ್ತು. ದೊಡ್ಡದರಲ್ಲಿ ದೋಷವಿಲ್ಲವಾದರೆ ಗಂಡನ ಪಕ್ಕ ಬರೀ ಎಳೆತ ಕಡಿಮೆಯ ಮಷೀನನ್ನು ಇಟ್ಟಂತಾಯಿತಲ್ಲ; ಇದನ್ನು ಅವರು ಯಾರಿಗೂ ಹೇಳುವಂತಿರಲಿಲ್ಲ.

ರಾಮಾನುಜರಿಗೆ ಶೀತವಾಯಿತು. ಕಫ ಹಳದಿ ತಿರುಗಿ ಅಂಟಂಟಾಯಿತು. ಆ ಭಾನುವಾರ ಮಧ್ಯಾಹ್ನ ಅವರ ಎದೆಯಲ್ಲಿ ಗೊರಗೊರ ಸದ್ದೆದ್ದಿತು. ಚೂಡಾಮಣಿಯವರು ನಳಿಕೆ ಇಳಿಸಿ ಮಷೀನು ಹಾಕಿದರು. ಅದು ಗುಂಯ್ ಎಂದಿತು, ಏನೂ ಬರಲಿಲ್ಲ. ನಳಿಕೆ ಬದಲಿಸಿದರು, ಸಲೈನ್ ಹನಿ ಬಿಟ್ಟರು, ಮತ್ತೆ ಹಾಕಿದರು. ದಾರದಷ್ಟು ಕಫ ಮೇಲೆ ಹತ್ತಿ ಅಲ್ಲೇ ನಿಂತಿತು. ರಾಮಾನುಜರ ತುಟಿ ನೀಲಿಗೆ ತಿರುಗುತ್ತಿತ್ತು. ಎಡಗೈಯಿಂದ ಹೆಂಡತಿಯ ಸೆರಗು ಹಿಡಿದುಕೊಂಡಿದ್ದರು. ಆಂಬುಲೆನ್ಸಿನವರು ಅರ್ಧ ಗಂಟೆಯಾಗುತ್ತದೆ ಎಂದರು. ಸರ್ಜಿಕಲ್ ಅಂಗಡಿಗಳಿಗೆ ರಜೆ.

ಚೂಡಾಮಣಿಯವರು ಫೋನಿನಲ್ಲಿ ಕೂಗಿಕೊಂಡರು: "ವಿಶಾಖಾ, ಇಲ್ಲಿರೋ ಮಷೀನು ಎಳೀತಿಲ್ಲ, ಆ ಮಷೀನು ತಗೊಂಡು ಬಂದ್ಬಿಡಮ್ಮ! ನಮ್ಮನೆಯವ್ರು ಹೋಗ್ಬಿಡ್ತಾರೆ!"

ಬಂದಳು. ಜಾರು ತೊಳೆದು, ಅಪ್ಪನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ತಲೆ ಕೂಡ ಬಾಚದೆ ಬಂದಳು. ಹೊಸ ನಳಿಕೆ ಸಿಕ್ಕಿಸಿ ಸ್ವಿಚ್ ಒತ್ತಿದ್ದೇ ತಡ, ಕಫದ ಗಡ್ಡೆ ಸೊರಕ್ಕನೆ ಜಾರಿಗೆ ಬಿತ್ತು. ರಾಮಾನುಜರ ಎದೆ ಏರಿತು, ಇಳಿಯಿತು. ತುಟಿಗೆ ಮೆಲ್ಲಗೆ ಬಣ್ಣ ಬಂತು. ಚೂಡಾಮಣಿಯವರು ಆಂಬುಲೆನ್ಸ್ ಬೇಡವೆಂದು ಹೇಳಿ, ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತು ಅತ್ತುಬಿಟ್ಟರು.

ವಿಶಾಖಾ ಮಷೀನಿನ ಹಿಡಿಗೆ ಕೈ ಹಾಕಿದಳು. "ಬರೋ ಮುಂಚೆ ಅಪ್ಪಂಗೆ ತೆಗೆದಿದ್ದೆ ಮೇಡಂ. ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ಬೇಕಾಗುತ್ತೆ. ಹೊರಡ್ತೀನಿ."

ಚೂಡಾಮಣಿಯವರು ಎದ್ದು ನಿಂತರು. "ಅದನ್ನ ಇಲ್ಲೇ ಬಿಡು," ಎಂದರು. ಆಮೇಲೆ ದನಿ ತಗ್ಗಿಸಿ, "ಈ ಸಣ್ಣದನ್ನ ತಗೊಂಡ್ಹೋಗು. ನಾಳೆ ಹೊಸದು ತರಿಸ್ತೀನಿ" ಎಂದರು.

"ಇದು ಎಳೀತಿಲ್ಲ ಅಂದ್ರಲ್ಲ ಮೇಡಂ?"

"ಜಾರಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಗಾಬರೀಲಿ ನಾನು ನೋಡ್ಲಿಲ್ಲ. ಇಲ್ನೋಡು." ಮುಚ್ಚಳವನ್ನು ತಿರುಗಿಸಿದಂತೆ ಮಾಡಿ, ತಂಬಿಗೆಯಲ್ಲಿದ್ದ ನೀರಿಗೆ ನಳಿಕೆ ಅದ್ದಿದರು. ನೀರು ಸರ್ರನೆ ಏರಿತು. "ಇದು ಗುಣವಾದ ಮನೆಯ ಮಷೀನು ಕಣಮ್ಮ. ಶ್ರೀನಿವಾಸಯ್ಯ ಅಂತ, ಇದ್ರಿಂದ್ಲೇ ಎದ್ದು ಓಡಾಡಿದ್ರು. ಜನ ಇದೇ ಬೇಕು ಅಂತ ಕ್ಯೂ ನಿಲ್ತಾರೆ. ದೊಡ್ಡದು ಒಳ್ಳೇದಲ್ಲ. ಅದು ಹೋದ ಮನೇಲೆಲ್ಲ..." ಅಲ್ಲಿಗೆ ನಿಲ್ಲಿಸಿದರು.

ವಿಶಾಖಾ ಒಮ್ಮೆ ದೊಡ್ಡ ಮಷೀನನ್ನು, ಒಮ್ಮೆ ಅವರ ಮುಖವನ್ನು ನೋಡಿದಳು. ಬಡಾವಣೆಯಲ್ಲಿ ಈ ಮಷೀನುಗಳ ವಿಷಯ ಚೂಡಾಮಣಿ ಮೇಡಂಗಿಂತ ಬಲ್ಲವರಿಲ್ಲ ಎಂದು ಅವಳಿಗೆ ಆಸ್ಪತ್ರೆಯಲ್ಲೇ ಹೇಳಿ ಕಳಿಸಿದ್ದರು. "ನೀವು ಹೇಳಿದ್ಮೇಲೆ ಇನ್ನೇನು ಮೇಡಂ," ಎಂದು ಸಣ್ಣದನ್ನು ಎತ್ತಿಕೊಂಡಳು.

ಸ್ಕೂಟರಿನ ಸದ್ದು ಅಡಗಿತು. ಚೂಡಾಮಣಿಯವರು ಗಂಡನ ಪಕ್ಕ ಕೂತು ಅವರ ಎದೆಯ ಮೇಲೆ ಕೈಯಿಟ್ಟರು. ಒಂದೇ ಸಂಜೆಯ ಮಾತು, ಬೈರಯ್ಯ ಗಟ್ಟಿಯಾಗಿದ್ದಾರೆ, ಫೋಟೋ ನೋಡಿದೆನಲ್ಲ ಎಂದುಕೊಂಡರು. ಒಲೆಯ ಮೇಲಿಟ್ಟ ಹಾಲು ಉಕ್ಕಿದ ವಾಸನೆ ಬಂದರೂ ಏಳಲಿಲ್ಲ.

ಹೊತ್ತು ಇಳಿಯುವಾಗ ಫೋನ್ ಬಡಿದುಕೊಂಡಿತು. ವಿಶಾಖಾಳ ಹೆಸರು. ನಿಂತಿತು, ಮತ್ತೆ ಶುರುವಾಯಿತು. ಚೂಡಾಮಣಿಯವರು ಮಷೀನಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೇ ಇದ್ದರು. ರಾಮಾನುಜರು ಕಣ್ಣು ತೆರೆದು ಹೆಂಡತಿಯನ್ನು ನೋಡಿದರು. ಮಧ್ಯಾಹ್ನ ನಡೆದ ಮಾತನ್ನೆಲ್ಲ ಅವರು ಮಲಗಿದಲ್ಲೇ ಕೇಳಿದ್ದರು. ಎಡಗೈ ಎತ್ತಿ ಫೋನಿನ ಕಡೆಗೆ ತೋರಿಸಿದರು, ಮತ್ತೆ ತೋರಿಸಿದರು. ಅವರಿಗೆ ಈಗ ಉಸಿರು ಸರಾಗವಾಗಿ ಆಡುತ್ತಿತ್ತು.