ಅಣ್ಣ ಬಜಾರದಲ್ಲಿ ಮಾತು ಬಿಟ್ಟದ್ದು

ಅಣ್ಣ ಈಗ ಬಜಾರದಲ್ಲಿ ಮಾತಾಡುವುದಿಲ್ಲ. ಯಾಕೆ ಎಂದು ಬಂದವರೆಲ್ಲ ನನ್ನನ್ನು ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಮಠದ ಅಯ್ಯನವರ ಹತ್ತಿರ ಮರಳಿನ ಮೇಲೆ ಅಕ್ಷರ ತಿದ್ದಿದ್ದಷ್ಟೇ ನನ್ನ ಓದು. ಅಷ್ಟರಲ್ಲೇ ಬರೆಯುತ್ತೇನೆ.

ನಮ್ಮದು ಕಮಲಾಪುರ. ತೋಟದಲ್ಲಿ ಕೆಂಪು ಬಾಳೆ ಬೆಳೆಯುತ್ತೇವೆ. ಗಾಡಿ ತುಂಬಿ ಕಲಬುರಗಿಯ ಸ್ಟೇಶನ್ ಬಜಾರಕ್ಕೆ ತರುತ್ತೇವೆ. ಗಾಡಿ ಹೊಡೆಯುವವನು ನಾನು, ಮಾರುವವನು ಅಣ್ಣ. ಅವನಿಗೆ ಬಾಯಿ ಇತ್ತು. ರೈಲಿನಿಂದ ಇಳಿದವರು ಅವನ ಕೂಗು ಕೇಳಿಯೇ ಗಾಡಿಯ ಹತ್ತಿರ ಬರುತ್ತಿದ್ದರು.

ಒಂದು ದಿನ ಡಂಗುರ ಸಾರಿದರು. ನಿಜಾಮ ಸರ್ಕಾರದ ಇಜಾಜತ್, ಅಂದರೆ ಅಪ್ಪಣೆ, ಇಲ್ಲದೆ ಯಾರೂ ಜಲಸಾ ಮಾಡಬಾರದು, ಸಭೆ ಕೂಡಬಾರದು, ಗುಂಪು ಸೇರಿ ಮಾತಾಡಬಾರದು. ಮಾತಾಡುವುದಿದ್ದರೆ ಯಾರು, ಏನು ಮಾತಾಡುತ್ತಾರೆ ಎಂದು ಮೊದಲೇ ತಿಳಿಸಿ ಅಪ್ಪಣೆ ಪಡೆಯಬೇಕು. ಡಂಗುರದವನು ಮುಂದೆ ಹೋದ. ಅಣ್ಣ ಗಾಡಿ ಹತ್ತಿ ನಿಂತ.

"ಕೇಳಿದ್ರೇನು? ಹೊಟ್ಟಿ ಹಸದದ ಅಂತ ಹೇಳಾಕೂ ಅಮೀನಸಾಹೇಬ್ರನ್ನ ಕೇಳಬೇಕಂತ. ನಾಳಿ ಎಷ್ಟು ಹೊತ್ತಿಗಿ ಹಸೀತದ ಅಂತ ಇವತ್ತೇ ಹೇಳಬೇಕಂತ."

ಜನ ನಕ್ಕರು. ಅಲ್ಲಿಗೆ ಇಳಿದಿದ್ದರೆ ಮುಗಿಯುತ್ತಿತ್ತು. ಅವನು ಇಳಿಯಲಿಲ್ಲ.

"ನಗಬ್ಯಾಡ್ರಿ. ಈ ಹುಕುಂ ತಗೀರಿ ಅಂತ ಎಲ್ಲಾರೂ ಕೂಡಿ ಕೇಳಬೇಕು. ಕೇಳೂದು ನಮ್ಮ ಹಕ್ಕದ."

ಪೊಲೀಸ್ ಜವಾನರು ಕಾಲು ಹಿಡಿದು ಎಳೆದರು. ಹಣ್ಣೆಲ್ಲ ಅವರ ಕಾಲಡಿ ಸಿಕ್ಕಿತು. ಅಣ್ಣನನ್ನು ಠಾಣೆಗೆ ಒಯ್ದರು.

ಠಾಣೆಯ ಮುಖ್ಯಸ್ಥ ಅಮೀನ ಕೆಟ್ಟವನೇನಲ್ಲ. ಅವನಿಗೂ ಬೇಸರವಾಗಿತ್ತು. ಮಾಫಿ ಕಾಗದ ಬರೆದು ಇಟ್ಟಿದ್ದ: ತಪ್ಪಾಯಿತು, ಇನ್ನು ನಾಲ್ಕು ಜನರ ನಡುವೆ ಮಾತಾಡುವುದಿಲ್ಲ ಎಂದು. ಹೆಬ್ಬೆಟ್ಟು ಒತ್ತಿದರೆ ಬಿಡುತ್ತೇನೆ, ಒತ್ತದಿದ್ದರೆ ಇಲ್ಲೇ ಇರಲಿ ಎಂದ. ನಾನು ಸರಳಿನ ಹತ್ತಿರ ಹೋಗಿ ಹೇಳಿದೆ.

"ಒತ್ತಿ ಬಾರೋ ಮಾರಾಯ. ಇನ್ನೊಂದು ಅಡಿ ಹಾಕಿಟ್ಟೀನಿ. ಹಣ್ಣಾದ್ರ ಮಾರೂರ್ಯಾರು?"

ಅಡಿ ಎಂದರೆ ಕಾಯಿಗೊನೆಗಳನ್ನು ಹುಲ್ಲಲ್ಲಿ ಮುಚ್ಚಿ ಹಣ್ಣಿಗಿಡುವುದು. ಒಮ್ಮೆ ಬಿಚ್ಚಿದರೆ ಬೇಗ ಮಾರಬೇಕು.

"ತಪ್ಪೇ ಮಾಡಿಲ್ಲ, ಯಾಕ ಒತ್ತಲಿ?" ಎಂದ. ಮತ್ತೆ, "ಅವ್ವನ ಕೆಮ್ಮು ಹೆಂಗದ?" ಎಂದು ಕೇಳಿದ.

"ಹಂಗ ಅದ."

ಅವ್ವನಿಗೆ ಇದನ್ನು ಹೇಳಿದೆ. ಅವಳು ಗಾಡಿ ಹತ್ತಿ ಬಂದು ಠಾಣೆಯ ಎದುರಿನ ಬೇವಿನ ಗಿಡದ ಕೆಳಗೆ ಕೂತಳು. ಏಳು ಎಂದರೆ ಏಳಲಿಲ್ಲ. ಮುದುಕಿ ಒಬ್ಬಳೇ ಕೂತರೆ ಜಲಸಾ ಆಗುವುದಿಲ್ಲ, ಅಮೀನ ಸುಮ್ಮನಿದ್ದ.

ನಮ್ಮ ಕಡೆ ಒಂದು ರೂಢಿ ಇದೆ. ಯಾರಿಗಾದರೂ ಕಷ್ಟ ಬಂದರೆ, ಸಾವಾದರೆ, ಜನ ಮಾತಾಡಿಸಲು ಹೋಗುತ್ತಾರೆ. ಯಾರೂ ಕರೆಯುವುದಿಲ್ಲ. ಹೋದವರು ನೆಲದ ಮೇಲೆ ಕೂತು ಬರುತ್ತಾರೆ. ಹೆಚ್ಚು ಮಾತೂ ಇರುವುದಿಲ್ಲ. ಹಾಗೆಯೇ ಬಜಾರದ ಜನ ಅವ್ವನ ಹತ್ತಿರ ಬಂದು ಕೂತರು. ಸ್ಟೇಶನ್ನಿನ ಹಮಾಲರು ಬಂದರು, ಹೂವಿನವಳು ಬಂದಳು. ಮಾರನೆಯ ದಿನ ಕಮಲಾಪುರದಿಂದ ಎರಡು ಗಾಡಿ ಬಂದವು. ಅಮೀನ ಹೊರಗೆ ಬಂದ.

"ಏನಿದು ಜಲಸಾ?"

"ಜಲಸಾ ಅಲ್ರೀ ಸಾಹೇಬ್ರ. ಮಾತಾಡ್ಸಾಕ ಬಂದೀವಿ," ಎಂದ ಒಬ್ಬ ಮುದಿ ಹಮಾಲ.

"ಯಾರೂ ಮಾತೇ ಆಡವಲ್ರಿ!" ಎಂದ ಅಮೀನ.

"ಮಾತಾಡಿದ್ರ ಹಿಡೀತೀರಲ್ರಿ."

"ಯಾರು ಕರೆದ್ರು ನಿಮ್ಮನ್ನ?"

"ಇದಕ್ಕ ಯಾರರ ಕರೀತಾರೇನ್ರಿ? ನಾಳಿ ನಿಮ್ಮ ಮನ್ಯಾಗ ಕಷ್ಟ ಬಂದ್ರ ನಿಮಗೂ ಬರ್ತೀವಿ."

ಅಮೀನ ಒಳಗೆ ಹೋದ. ಹೀಗೇ ನಡೆದಿದ್ದರೆ ಏನಾಗುತ್ತಿತ್ತೋ. ಹಿರಿಯ ಸಾಹೇಬರು ಆ ದಾರಿಯಲ್ಲಿ ಬರುವವರಿದ್ದರು, ಅವರು ನೋಡುವ ಮೊದಲು ಅಣ್ಣನನ್ನು ಬಿಟ್ಟುಬಿಡುತ್ತಾರೆ ಎಂದು ಜವಾನರೇ ಹೇಳುತ್ತಿದ್ದರು. ಅಷ್ಟರಲ್ಲಿ ಚಿಗವ್ವ ಬಂದಳು.

ಚಿಗವ್ವ ಅವ್ವನ ತಂಗಿ. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಅವಳಿಗೆ ಹೆಸರಿತ್ತು. ಗಾಡಿಯಿಂದ ಇಳಿದವಳು ನೋಡಿದ್ದೇನು? ಅಕ್ಕ ನೆಲದ ಮೇಲೆ, ಸುತ್ತ ಜನ, ಯಾರ ಬಾಯಲ್ಲೂ ಮಾತಿಲ್ಲ. ಅವಳಿಗೆ ಎಲ್ಲವೂ ಗೊತ್ತಿತ್ತು, ಆದರೆ ರೂಢಿ ಬಿಡಲಿಲ್ಲ. ಅವ್ವನ ಕೊರಳಿಗೆ ಬಿದ್ದು ದನಿ ಎತ್ತಿದಳು. ಒಬ್ಬಳು ದನಿ ಎತ್ತಿದ ಮೇಲೆ ಉಳಿದ ಹೆಂಗಸರು ಸುಮ್ಮನೆ ಕೂರುವ ಹಾಗಿಲ್ಲ. ಎಲ್ಲರೂ ಶುರು ಮಾಡಿದರು.

"ಏ ಖೋಡಿ, ಬಿಡ ನನ್ನ. ನನ್ನ ಮಗ ಜೀವಂತ ಅದಾನ," ಎಂದು ಅವ್ವ ನೂಕಿದಳು. ಯಾರೂ ಕೇಳಲಿಲ್ಲ.

ಒಳಗೆ ಅಣ್ಣ ಕೇಳಿದ. ಚಿಗವ್ವನ ದನಿ ಅವನಿಗೆ ಗೊತ್ತು. ಅವ್ವ ಹೊರಗೆ ಕೂತಿದ್ದಾಳೆಂದು ಅವನಿಗೆ ಯಾರೂ ಹೇಳಿರಲಿಲ್ಲ, ನಮ್ಮನ್ನು ಒಳಗೆ ಬಿಡುವುದು ನಿಲ್ಲಿಸಿದ್ದರು. ಕಾವಲಿನ ಜವಾನ ಹೈದರಾಬಾದಿನವ, ನಮ್ಮ ಭಾಷೆಯೂ ಗೊತ್ತಿಲ್ಲ, ರೂಢಿಯೂ ಗೊತ್ತಿಲ್ಲ. ಏನಾಯ್ತು ಎಂದು ಅಣ್ಣ ಉರ್ದುವಿನಲ್ಲಿ ಕೇಳಿದ್ದಕ್ಕೆ, ಯಾರೋ ಸತ್ತಂತೆ ಕಾಣುತ್ತದೆ ಎಂದನಂತೆ. ಅಣ್ಣ ಅವ್ವನ ಕೆಮ್ಮು ನೆನೆಸಿಕೊಂಡ. ಮಾಫಿ ಕಾಗದ ತಾ ಎಂದ.

ಅವನು ಓಡಿ ಬಂದಾಗ ಹೆಂಗಸರ ಅಳು ಅಲ್ಲಿಗೇ ನಿಂತಿತು. ಅವ್ವ ಎಲೆ ಅಡಿಕೆ ಉಗುಳಿ ತಲೆ ಎತ್ತಿದಳು. ಅವನ ಹೆಬ್ಬೆಟ್ಟು ಕಪ್ಪಾಗಿತ್ತು.

"ಒತ್ತಿದೇನು?"

"ಒತ್ತಿದೆ. ನೀ ಹೋದಿ ಅಂತ ತಿಳದೆ."

ಅವ್ವ ಸೆರಗಿನ ತುದಿಯಿಂದ ಅವನ ಹೆಬ್ಬೆಟ್ಟು ಒರೆಸಿದಳು. ಮಸಿ ಹೋಗಲಿಲ್ಲ. ಚಿಗವ್ವ ತನ್ನ ಬಾಯಿ ಸುಡಲಿ ಎಂದು ಬೈದುಕೊಂಡಳು. ಅವಳನ್ನು ಬೈಯುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

"ಅಂವ ಹೊರಗ ಬಂದನಲ್ಲ, ಇನ್ನ ನಡೀರಿ," ಎಂದ ಅಮೀನ.

"ಅಂವ ಬಂದಾನ್ರಿ. ಹುಕುಂ ಹಂಗೇ ಅದಲ್ಲ," ಎಂದ ಹಮಾಲ. ಆದರೂ ಎದ್ದ. ಎಲ್ಲರೂ ಎದ್ದರು. ದಣಿದಿದ್ದರು.

ಮುಂದಿನ ಸಂತೆಗೆ ಗಾಡಿ ತಂದೆವು. ಅಣ್ಣ ಗಾಡಿಯ ಪಕ್ಕ ನಿಂತ, ಕೂಗಲಿಲ್ಲ. ಗಿರಾಕಿ ಕೇಳಿದರೆ ನನ್ನ ಕಡೆ ಕೈ ತೋರಿಸಿದ. ನನಗೆ ಕೂಗಲು ಬರುವುದಿಲ್ಲ. ಹಣ್ಣು ಉಳಿಯಿತು.

"ಏನೋ ನಿಂದು?" ಎಂದೆ ಸಿಟ್ಟಿನಿಂದ.

"ನಾಕ ಮಂದ್ಯಾಗ ಮಾತಾಡಂಗಿಲ್ಲ ಅಂತ ಒತ್ತೀನಲ್ಲ. ಇಲ್ಲಿ ನಾಕ ಮಂದಿ ಅದಾರ," ಎಂದು ನನ್ನ ಕಿವಿಯಲ್ಲಿ ಹೇಳಿದ.

ಈಗ ಬಜಾರಕ್ಕೆಲ್ಲ ಅದೇ ಸುದ್ದಿ. ಅಮೀನ ಒಮ್ಮೆ ಬಂದು, ಹಣ್ಣು ಮಾರಬೇಡ ಎಂದು ಯಾರು ಹೇಳಿದರು, ಕೂಗು ಎಂದ. ಅಣ್ಣ ನನ್ನ ಕಡೆ ನೋಡಿದ.

"ಇಜಾಜತ್ ಇಲ್ರೀ," ಎಂದೆ ನಾನು.

ಸುತ್ತ ನಿಂತವರು ನಕ್ಕರು. ಅಮೀನ ಹಣ್ಣು ಕೊಳ್ಳದೆ ಹೋದ. ಹೊಸಬರು ಬಂದು, ಇವನು ಮೂಕನೇನು ಎಂದು ಕೇಳುತ್ತಾರೆ. ಅಲ್ಲ ಎನ್ನುತ್ತೇನೆ. ಮತ್ತೆ ಮೊದಲಿನಿಂದ, ಡಂಗುರದಿಂದ ಹೇಳಬೇಕಾಗುತ್ತದೆ. ಕೇಳುತ್ತ ಕೇಳುತ್ತ ಗಾಡಿಯ ಸುತ್ತ ಗುಂಪು ಕೂಡುತ್ತದೆ. ನಾನು ಎಲ್ಲಿಯೂ ಹೆಬ್ಬೆಟ್ಟು ಒತ್ತಿಲ್ಲ.