ಹಚ್ಚಿ ಬಿಡಬೇಕು, ತಿಕ್ಕಬಾರದು

ನಮ್ಮದು ತಿಕ್ಕುವ ಮನೆತನ. ಪಾತ್ರೆ, ನೆಲ, ಎಮ್ಮೆ, ಮಕ್ಕಳು, ಯಾವುದನ್ನೂ ತಿಕ್ಕದೆ ಬಿಟ್ಟವರಲ್ಲ. ಬೈಲಹೊಂಗಲದ ನಮ್ಮ ಮನೆಯ ಬಚ್ಚಲಲ್ಲಿ ಇವತ್ತಿಗೂ ಒಂದು ಕರಿಕಲ್ಲಿದೆ. ನಾನು ಮದುವೆಯಾಗಿ ಬಂದಾಗ ಅದು ಅಂಗೈ ತುಂಬುವಷ್ಟಿತ್ತು, ಈಗ ನಿಂಬೆಹಣ್ಣಿನಷ್ಟಾಗಿದೆ. ಉಳಿದ ಕಲ್ಲು ಎಲ್ಲಿ ಹೋಯಿತು ಎಂದು ಕೇಳಬೇಡಿ, ನಮ್ಮೆಲ್ಲರ ಹಿಮ್ಮಡಿಗೆ ಹೋಯಿತು.

ಇಂಥ ಮನೆಗೆ ನನ್ನ ಮಗಳು ಒಂದು ಗಾಜಿನ ಸೀಸೆ ತಂದಳು. ಅವಳು ಬೆಳಗಾವಿಯಲ್ಲಿ ಓದುತ್ತಾಳೆ, ರಜೆಗೆ ಬಂದಾಗಲೆಲ್ಲ ನನ್ನಲ್ಲಿ ಏನಾದರೂ ಒಂದು ಕೊರತೆ ಹುಡುಕುತ್ತಾಳೆ. ಈ ಸಲ ಸಿಕ್ಕಿದ್ದು ಮುಖ. ನಾನು ಸಂಪಗಾಂವದ ಸಾಲಿಗೆ ದಿನಾ ಸ್ಕೂಟಿಯಲ್ಲಿ ಹೋಗಿಬರುವ ಮಾಸ್ತರಣಿ. ಬಾಯಿಯ ತನಕ ಸ್ಕಾರ್ಫ್ ಕಟ್ಟುತ್ತೇನೆ, ಹೀಗಾಗಿ ಗದ್ದದ ಬಣ್ಣ ಒಂದು, ಮೂಗಿನ ಬಣ್ಣ ಇನ್ನೊಂದು. ಹತ್ತು ವರ್ಷ ನನಗೂ ಗೊತ್ತಿರಲಿಲ್ಲ, ಹೇಳಿದ ಮೇಲೆ ಕನ್ನಡಿಯಲ್ಲಿ ಅದೊಂದೇ ಕಾಣತೊಡಗಿತು.

ಸೀಸೆಯಲ್ಲಿದ್ದದ್ದು ಲ್ಯಾಕ್ಟಿಕ್ ಆಸಿಡ್. ಹೆದರಬೇಡ, ಹಾಲು ಹುಳಿಯಾದಾಗ ಹುಟ್ಟುವ ಆಮ್ಲವೇ ಇದು, ಬಹಳ ಸೌಮ್ಯ, ಸತ್ತ ಚರ್ಮದ ಹಿಡಿತ ಸಡಿಲಿಸಿ ಮೆಲ್ಲಗೆ ಕಳಚುತ್ತದೆ ಎಂದು ಮಗಳು ನನಗೇ ಪಾಠ ಮಾಡಿದಳು. ವಾರಕ್ಕೆ ಎರಡೇ ದಿನ. ಸ್ವಚ್ಛ ಮುಖಕ್ಕೆ ನಾಲ್ಕು ಹನಿ. ಮರುದಿನ ಬಿಸಿಲಿನ ಕ್ರೀಮು ಹಚ್ಚದೆ ಹೊರಗೆ ಕಾಲಿಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಚ್ಚಿ ಬಿಡಬೇಕು, ತಿಕ್ಕಬಾರದು.

ಪಡಸಾಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದ ನಮ್ಮ ಅತ್ತೆ ಅಲ್ಲಿಯ ತನಕ ಸುಮ್ಮನಿದ್ದರು. ಎಪ್ಪತ್ತಾರು ವರ್ಷದ ಹೆಣ್ಣುಮಗಳು, ಕಿವಿ ಮಾತ್ರ ಹದಿನಾರರದು. ಕೊನೆಯ ಮಾತು ಕೇಳಿ ಅವರಿಗೆ ತಡೆಯಲಾಗಲಿಲ್ಲ.

“ತಿಕ್ಕಲಾರದ ಹೊಲಸು ಹ್ಯಾಂಗ ಹೋಕ್ಕೈತಿ? ತಾನಾಗೇ ಎದ್ದು ಹೋಗಾಕ ಅದೇನ್ ಬೀಗರ ಮಂದಿಯೇನ್?”

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅತ್ತೆಯ ಎದುರು ಅದನ್ನು ಮೂಗಿನೊಳಗೇ ಇಟ್ಟುಕೊಳ್ಳುವುದನ್ನು ಇಪ್ಪತ್ಮೂರು ವರ್ಷದಲ್ಲಿ ಕಲಿತಿದ್ದೇನೆ. ಸಾಲಿಯಿಂದ ಬಂದು ಮುಖ ತೊಳೆದು ನಾಲ್ಕು ಹನಿ ಹಚ್ಚಿದೆ. ಚುರುಚುರು ಎಂದಿತು. ಕೈ ತಾನಾಗಿ ತಿಕ್ಕಲು ಹೋಗುತ್ತಿತ್ತು, ಎರಡೂ ಕೈಗಳ ಮೇಲೆ ಕುಳಿತುಕೊಂಡೆ. ಮೂರನೆಯ ವಾರಕ್ಕೆ ಮೂಗಿನ ಪಕ್ಕದ ಒರಟು ನಿಜವಾಗಿಯೂ ಹೋಯಿತು, ಕೆನ್ನೆ ಮುಟ್ಟಿದರೆ ನನ್ನದೋ ಮಗಳದೋ ಎನ್ನಿಸಿತು. ಆ ಖುಷಿಯಲ್ಲಿ ಒಂದು ವಾರ ಯಾವ ಹುಡುಗರನ್ನೂ ಬಯ್ಯಲಿಲ್ಲ.

ಅಷ್ಟರಲ್ಲಿ ಸೀಸೆಯೊಳಗಿನದು ನನ್ನ ಲೆಕ್ಕಕ್ಕಿಂತ ಬೇಗ ಇಳಿಯುತ್ತಿದೆ ಎಂದು ಕಂಡಿತು. ಪೆನ್ನಿನಿಂದ ಗೀಟು ಹಾಕಿಟ್ಟೆ. ಗೀಟು ಮೇಲೆ ಉಳಿಯಿತು, ನೀರು ಕೆಳಗೆ ಹೋಯಿತು. ನನ್ನ ಅನುಮಾನ ನೇರವಾಗಿ ಗಂಡನ ಮೇಲೆ. ಆ ಮನುಷ್ಯ ಇತ್ತೀಚೆಗೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದ. ಜಾಡಿಸಿ ಕೇಳಿದೆ. ಪಾಪ, ಅವನು ನಿಲ್ಲುತ್ತಿದ್ದದ್ದು ಉದುರುವ ಕೂದಲು ನೋಡಲು. ಅದನ್ನು ಒಪ್ಪಿಕೊಳ್ಳುವಷ್ಟರಲ್ಲಿ ಅವನ ಮಾನವೂ ಹೋಯಿತು, ನನ್ನ ಮಾನವೂ ಹೋಯಿತು.

ಕಳ್ಳತನ ಬಯಲಾದದ್ದು ಒಂದು ಸೋಮವಾರ ಬೆಳಿಗ್ಗೆ. ಉತ್ತರಪತ್ರಿಕೆ ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ಅತ್ತೆ ನನ್ನ ಕೋಣೆಯಿಂದ ಹೊರಗೆ ಬರುತ್ತಿದ್ದರು, ಸೆರಗಿನ ಕೆಳಗೆ ಏನೋ ಗುಂಡಗೆ ಕಾಣುತ್ತಿತ್ತು. ಏನದು ಎಂದೆ. ಏನಿಲ್ಲ ಎಂದರು. ನಾನು ಬಾಗಿಲು ಬಿಡಲಿಲ್ಲ. ಕೊನೆಗೆ ಅವರೇ ಸೀಸೆ ತೆಗೆದು ನನ್ನ ಕೈಗಿಟ್ಟು, ಮಾರಿ ಆ ಕಡೆ ತಿರುಗಿಸಿ ಹೇಳಿದರು.

“ನನಗ ಒಂದ್ ಫೋಟೋ ಬೇಕಾಗೈತಿ ಯವ್ವಾ. ಛಲೋ ಫೋಟೋ. ನಾಳೆ ನಾ ಹ್ವಾದ ಮ್ಯಾಲ ನೀವು ಗಡಿಬಿಡಿಯಾಗ ಮಂದ್ಯಾಗಿನ ಫೋಟೋ ಕತ್ತರಿಸಿ ತಂದ ಹಾಕ್ತೀರಿ.”

ಮಾವನ ಫೋಟೋಗೆ ಹಾಗೆ ಕತ್ತರಿ ಹಾಕಿಸಿದವಳು ನಾನೇ.

ಮಾವ ತೀರಿಕೊಂಡು ಒಂಬತ್ತು ವರ್ಷ. ಬದುಕಿದ್ದಾಗ ಅವರಿಗೊಂದು ರೋಗವಿತ್ತು, ಫೋಟೋ ತೆಗೆಯುವಾಗ ಕಣ್ಣು ಮುಚ್ಚುವುದು. ಹೋದ ದಿನ ಆಲ್ಬಮ್ಮುಗಳನ್ನೆಲ್ಲ ಕೆದಕಿದೆ, ಎಲ್ಲದರಲ್ಲೂ ಮಾವ ನಿದ್ದೆ ಮಾಡುತ್ತಿದ್ದರು. ರಾಮದುರ್ಗದ ಯಾರದೋ ಮದುವೆಯ ಒಂದೇ ಒಂದು ಫೋಟೋದಲ್ಲಿ ಕಣ್ಣು ತೆರೆದಿದ್ದವು. ಹತ್ತಾರು ಮಂದಿ ಸಾಲಾಗಿ ನಿಂತ ಫೋಟೋ ಅದು. ಪಕ್ಕದಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು ತಲೆ ತುಂಬ ಸೆರಗು ಹೊದ್ದು ಮುಖ ಕಾಣದ ಹಾಗೆ ಆ ಕಡೆ ತಿರುಗಿದ್ದಳು. ಆ ಹೆಂಗಸನ್ನು ತೆಗೆದು ಹಾಕಿ ಎಂದು ಸ್ಟುಡಿಯೋದವನಿಗೆ ಹೇಳಿ ಓಡಿಬಂದೆ. ಅವನು ತೆಗೆದ, ಪೂರ್ತಿ ತೆಗೆಯಲಿಲ್ಲ. ಇವತ್ತಿಗೂ ನಮ್ಮ ಪಡಸಾಲೆಯ ಗೋಡೆಯ ಮೇಲೆ ಮಾವನ ಫೋಟೋದ ಬಲ ಅಂಚಿನಲ್ಲಿ ಅರ್ಧ ಹಸಿರು ಭುಜ ಇದೆ. ಮಾವನ ಕಣ್ಣೂ ಬರೀ ತೆರೆದಿಲ್ಲ, ಚೇಳು ಕಡಿದವರ ಹಾಗೆ ಅರಳಿವೆ. ಬಂದವರೆಲ್ಲ, ಹಿರಿಯರು ಯಾಕ ಹಂಗ ಹೌಹಾರ‍್ಯಾರ ಎಂದು ಕೇಳುತ್ತಾರೆ. ಅತ್ತೆ ದಿನಾ ಅದರ ಧೂಳು ಒರೆಸುತ್ತಾರೆ, ಒಂದು ದಿನವೂ ನನಗೆ ಏನೂ ಅಂದಿರಲಿಲ್ಲ.

ಆ ಸಂಜೆಯೇ ಅತ್ತೆಗೆಂದು ಬೇರೆ ಸೀಸೆ ತರಿಸಿದೆ. ತಿಂಗಳು ಬಿಟ್ಟು ನಾನೇ ಸ್ಟುಡಿಯೋಗೆ ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟೆ. ನಿಯಮಗಳನ್ನು ಬಾಯಿಪಾಠ ಮಾಡಿಸಿದೆ. ವಾರಕ್ಕೆ ಎರಡು ದಿನ, ಸ್ವಚ್ಛ ಮುಖಕ್ಕೆ, ನಾಲ್ಕು ಹನಿ, ತಿಕ್ಕಬಾರದು. ಸಂಜೆ ಬೇಡ, ಮುಂಜಾನೆ ಜಳಕ ಮಾಡಿದ ಮೇಲೇ ತಮ್ಮ ಮುಖ ಸ್ವಚ್ಛ ಇರುತ್ತದೆ ಎಂದರು ಅತ್ತೆ. ಸರಿ, ಆ ದಿನ ಬಿಸಿಲಿಗೆ ಹೋಗಬೇಡಿ ಅಂದೆ.

ಹೇಳಿದ್ದನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ವಿದ್ಯಾರ್ಥಿಯನ್ನು ನನ್ನ ನೌಕರಿಯಲ್ಲಿ ಕಂಡಿಲ್ಲ. ಬೆಳಗಿನ ಎಳೆಬಿಸಿಲಿಗೆ ಕಟ್ಟೆಯ ಮೇಲೆ ಕೂರುವುದನ್ನೇ ಬಿಟ್ಟರು. ಕಟ್ಟೆ ಖಾಲಿ ಕಂಡು ಓಣಿಯ ಮಂದಿ ಆರೋಗ್ಯ ವಿಚಾರಿಸಲು ಬಂದರು, ಬಂದವರು ಕೆನ್ನೆ ನೋಡಿ ಏನ್ ಹಚ್ಚತೀರಿ ಎಂದು ಕೇಳಿದರು. ಏನೂ ಇಲ್ಲ, ಹಾಲಿನ ಕೆನೆ ಎಂದರು ಅತ್ತೆ. ಸವದತ್ತಿಯಿಂದ ಬಂದ ಸ್ವಂತ ಮಗಳಿಗೂ ಕೆನೆಯೇ ಎಂದರು. ಆಕೆ ಊರಿಗೆ ಹೋಗಿ ಹದಿನೈದು ದಿನ ಕೆನೆ ತಿಕ್ಕಿ ಮುಖದ ತುಂಬ ಮೊಡವೆ ಎಬ್ಬಿಸಿಕೊಂಡು ಫೋನು ಮಾಡಿದಳು. ನೀ ತಿಕ್ಕಿದಿ, ತಿಕ್ಕಬಾರದಿತ್ತು ಎಂದು ಅತ್ತೆ ಗಂಭೀರವಾಗಿ ಹೇಳಿ ಫೋನು ಇಟ್ಟರು.

ಸುಕ್ಕು ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಕೆನ್ನೆ, ಗದ್ದ, ಮೂಗು ಎಲ್ಲ ನುಣುಪಾಗಿ ತಿಳಿಯಾದವು. ನನಗಿಂತ ಅವರಿಗೇ ಚೆನ್ನಾಗಿ ಹತ್ತಿತು. ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪಲ್ಲ ಎಂದು ಗಂಡನಿಗೆ ಹೇಳಿ ನಕ್ಕೆ, ಹೊಟ್ಟೆಯಲ್ಲಿ ಸ್ವಲ್ಪ ಉರಿಯೂ ಇತ್ತು.

ಫೋಟೋದ ದಿನ ರವಿವಾರ. ಸೀರೆ ನೆರಿಗೆ ಹಿಡಿಯಲು ಬಾ ಎಂದು ಅತ್ತೆ ಜಳಕದ ಬಚ್ಚಲಿಂದಲೇ ಕೂಗಿದರು. ಹೋದೆ. ಹೋಗಿ ಬಾಗಿಲಲ್ಲೇ ಕಲ್ಲಾದೆ. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಅತ್ತೆಯನ್ನು ವಿಭೂತಿ ಇಲ್ಲದೆ ನೋಡುತ್ತಿದ್ದೆ. ಅವರದು ಜಳಕ, ವಿಭೂತಿ, ಲಿಂಗಪೂಜೆ, ಆಮೇಲೆ ಚಹಾ. ನಾವು ಏಳುವಷ್ಟರಲ್ಲಿ ಹಣೆಯ ಮೇಲೆ ಮೂರು ದಪ್ಪ ಪಟ್ಟೆ ಇರುತ್ತಿದ್ದವು. ಈಗಲೂ ಹಣೆಯ ಮೇಲೆ ಮೂರು ಪಟ್ಟೆ ಇದ್ದವು. ಆದರೆ ಬಿಳಿ ಅಲ್ಲ, ಕಂದು. ಹಣೆಯ ಉಳಿದ ಭಾಗವೆಲ್ಲ ತಿಳಿಯಾಗಿ ಹೊಳೆಯುತ್ತಿತ್ತು, ನಡುವೆ ರೂಲು ಹಿಡಿದು ಗೆರೆ ಎಳೆದ ಹಾಗೆ ಮೂರು ಹಳೆಯ ಬಣ್ಣದ ಸಾಲುಗಳು.

ಅತ್ತೀರಿ, ಔಷಧಿ ಹಚ್ಚುವಾಗ ವಿಭೂತಿ ಇರುತ್ತಿತ್ತೇ ಎಂದು ಕೇಳಿದೆ.

“ಇರಲಾರದ ಏನ್? ಸ್ವಚ್ಛ ಮಾರಿಗೆ ಹಚ್ಚು ಅಂದಿ. ವಿಭೂತಿ ಇಲ್ಲದ ಮಾರಿ ಎಂಥಾ ಸ್ವಚ್ಛ?”

ಒಂದು ತಿಂಗಳು ಈ ತಾಯಿ ವಿಭೂತಿಯ ಮೇಲೆಯೇ ಹನಿ ಹಾಕಿ ಕೂತಿದ್ದಾರೆ. ಹಚ್ಚಿ ಬಿಟ್ಟಿದ್ದಾರೆ, ತಿಕ್ಕಿಲ್ಲ. ಬೂದಿಯ ಮುಂದೆ ಆ ಹುಳಿಯ ಆಟ ಎಲ್ಲಿ ನಡೆಯಬೇಕು! ಪಟ್ಟೆಯ ಕೆಳಗಿನ ಚರ್ಮಕ್ಕೆ ಸುದ್ದಿಯೇ ಮುಟ್ಟಿಲ್ಲ. ನನಗೆ ನಗು ತಡೆಯಲಾಗಲಿಲ್ಲ, ಒದ್ದೆ ನೆಲದ ಮೇಲೆ ಕೂತು ನಕ್ಕೆ. ದಿನಾ ಕನ್ನಡಿಯಿಲ್ಲದೆ ರೂಢಿಯ ಬೆರಳಿನಲ್ಲೇ ವಿಭೂತಿ ಹಚ್ಚುವವರು ಆವತ್ತು ಕನ್ನಡಿ ನೋಡಿಕೊಂಡರು. ನೋಡಿ ನಗಲಿಲ್ಲ. ಮೋರೆ ಸಣ್ಣದಾಯಿತು, ಇನ್ನ ಫೋಟೋ ಬ್ಯಾಡ ಬಿಡು ಎಂದರು. ನನ್ನ ನಗು ಅಲ್ಲಿಗೇ ನಿಂತಿತು. ವಿಭೂತಿ ಹಚ್ಚಿಕೊಳ್ಳಿ ಅತ್ತೀರಿ, ಮುಚ್ಚಿಹೋಗುತ್ತದೆ ಎಂದೆ. ಇಷ್ಟು ಸುಲಭದ ಮಾತು ಇಬ್ಬರಿಗೂ ಹೊಳೆಯಲು ಅಷ್ಟು ಹೊತ್ತು ಬೇಕಾಯಿತು. ಗೆರೆ ಹಿಡಿದು ಹಚ್ಚಿದರು, ಸರಿಯಾಗಿ ಕೂತಿತು. ಇನ್ನು ಮೇಲೆ ಕನ್ನಡಿ ನೋಡಿ ಗೆರೆಯ ಮೇಲೆ ಗೆರೆ ನೆಟ್ಟಗೆ ಹಚ್ಚಬಹುದು ಎಂದು ಅವರಿಗೆ ಸಮಾಧಾನವೂ ಆಯಿತು.

ಉಟ್ಟದ್ದು ಕೆಂಪು ದಡಿಯ ಹಸಿರು ಇಳಕಲ್ ಸೀರೆ. ಮಾವ ಹೋದ ಮೇಲೆ ಹಸಿರು ಉಟ್ಟದ್ದನ್ನು ನಾನು ನೋಡಿರಲಿಲ್ಲ. ನುಸಿಗುಳಿಗೆಯ ವಾಸನೆ ಸ್ಟುಡಿಯೋದ ತನಕ ನಮ್ಮ ಜೊತೆ ಬಂತು.

ಸ್ಟುಡಿಯೋದವನು ಒಳ್ಳೆಯ ಮನಸ್ಸಿನಿಂದ, ಅಜ್ಜಿಯ ಸುಕ್ಕು ಎಲ್ಲ ಕಂಪ್ಯೂಟರಿನಲ್ಲಿ ತೆಗೆದು ಕೊಡುತ್ತೇನೆ ಎಂದ. ಕೆಟ್ಟ ಗಳಿಗೆ. ಒಂದು ತಿಂಗಳು ಕಟ್ಟೆ ಬಿಟ್ಟು ಮಾಡಿಕೊಂಡ ಮಾರಿ ಇದು, ಕಂಪ್ಯೂಟರು ಮುಟ್ಟಿದರೆ ಫೋಟೋ ನಿನ್ನ ಅಂಗಡಿಯಲ್ಲೇ ಹಾಕಿಕೋ ಎಂದು ಅತ್ತೆ ಬೈದರು. ಆಮೇಲೆ ಇನ್ನೊಂದು ಹಟ ಹಿಡಿದರು. ಬಲ ಭುಜ ಫೋಟೋದಲ್ಲಿ ಪೂರ್ತಿ ಬರಬಾರದು, ಅರ್ಧಕ್ಕೆ ಕತ್ತರಿಸಬೇಕು. ಅವನು ತಲೆ ಕೆರೆದುಕೊಂಡ. ನನ್ನ ಸಿಟ್ಟು ಕೊನೆಗೂ ಮೂಗು ಬಿಟ್ಟು ಹೊರಬಂತು. ಇಷ್ಟು ಮಾಡಿ ಅರ್ಧ ಭುಜದ ಫೋಟೋ ಯಾಕೆ ಎಂದು ಗದರಿದೆ.

“ಉಳಿದದ್ದು ಬ್ಯಾರೆ ಕಡೆ ಐತಿ,” ಎಂದರು.

ಕುರ್ಚಿಯ ತುದಿಗೆ ಸರಿದು ಕೂತರು. ಅವನು ಅವರು ಹೇಳಿದ ಹಾಗೆಯೇ ತೆಗೆದ.

ಕಟ್ಟು ಹಾಕಿದ ಫೋಟೋ ನಾಲ್ಕು ದಿನಕ್ಕೆ ಮನೆಗೆ ಬಂತು. ಸಂಜೆ ಆಗಿತ್ತು, ನಾನು ಆಗಷ್ಟೇ ಮುಖ ತೊಳೆದು ನನ್ನ ನಾಲ್ಕು ಹನಿ ಹಚ್ಚಿಕೊಂಡಿದ್ದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತೇನೆ ಎಂದೆ. ಈಗಲೇ ಗೋಡೆಗೆ ಹಾಕಬೇಕು, ಮಾವನ ಫೋಟೋದ ಬಲ ಪಕ್ಕಕ್ಕೆ ಎಂದರು ಅತ್ತೆ. ಬದುಕಿದ್ದವರ ಫೋಟೋ ಹೋದವರ ಪಕ್ಕ ಹಾಕುವುದು ಒಳ್ಳೆಯದಲ್ಲ ಎಂದು ಗಂಡ ಗೊಣಗಿದ. ಸತ್ತ ಮ್ಯಾಲ ಗ್ವಾಡಿ ನೋಡಾಕ ನಾ ಬರತೇನೇನ್ ಎಂದು ಕೇಳಿದರು. ಅವನು ಸುತ್ತಿಗೆ ತಂದುಕೊಟ್ಟ.

ಸ್ಟೂಲು ಹತ್ತಿ ಮೊಳೆ ಹೊಡೆದು ಫೋಟೋ ತೂಗುಹಾಕಿದೆ. ಇನ್ನಷ್ಟು ಸರಿಸು ಎಂದರು. ಮೊಳೆ ಕಿತ್ತು ಮತ್ತೆ ಹೊಡೆದೆ. ಇನ್ನೂ ಸರಿಸು ಎಂದರು. ಎರಡು ಕಟ್ಟುಗಳು ಒಂದಕ್ಕೊಂದು ತಾಗಿದಾಗ ನಾನು ನೋಡಿದೆ. ಮಾವನ ಫೋಟೋದ ಅಂಚಿನ ಅರ್ಧ ಭುಜ, ಅತ್ತೆಯ ಫೋಟೋದ ಅರ್ಧ ಭುಜ. ಅದೇ ಹಸಿರು, ಅದೇ ಕೆಂಪು ದಡಿ. ಒಂದೇ ಭುಜ.

ನಾನು ಸ್ಟೂಲಿನಿಂದ ಇಳಿಯಲಿಲ್ಲ. ಆ ಹೆಂಗಸನ್ನು ತೆಗೆದು ಹಾಕಿ ಎಂದಿದ್ದೆನಲ್ಲ, ಅದೇ ಮಾತು ಕಿವಿಯಲ್ಲಿ ತಿರುಗಿತು. ನನಗೆ ನಾಚಿಕೆಯಾಯಿತು. ಒಂಬತ್ತು ವರ್ಷದಲ್ಲಿ ಒಂದು ಸಲವಾದರೂ ಯಾಕೆ ಹೇಳಲಿಲ್ಲ ಅತ್ತೀರಿ ಎಂದು ಕೇಳಿದೆ.

“ಹೇಳಿ ಏನ್ ಮಾಡೂದಿತ್ತು? ಕಣ್ಣ ತೆರದ ಫೋಟೋ ಅದೊಂದ ಇತ್ತು. ಅದರಾಗೂ ಮುಚ್ಚತಿದ್ರು. ನಾನ ಆ ಕಡೆ ಮಾರಿ ತಿರುಗಿಸಿ ಅವರ್ನ ಚೂಟಿದ್ನಿ.”

ಮಾವ ಗೋಡೆಯ ಮೇಲಿಂದ ಹೌಹಾರಿ ನೋಡುತ್ತಲೇ ಇದ್ದರು. ನನ್ನ ಕಣ್ಣಲ್ಲಿ ನೀರು ಸುರಿಯಿತು, ಕೆನ್ನೆ ಚುರುಚುರು ಎಂದಿತು, ಒರೆಸಿಕೊಳ್ಳಲು ಕೈ ಎತ್ತಿದೆ. ಅತ್ತೆ ಕೆಳಗಿನಿಂದ ನನ್ನ ಸೆರಗು ಹಿಡಿದು ಜಗ್ಗಿದರು.

“ಅಳು ಬೇಕಾರ. ಮಾರಿ ತಿಕ್ಕಬ್ಯಾಡ.”