ಹಿಂದಿನ ನೋವು

ಬೀರು ಗೌಡ, ನೀನು ಸುಳ್ಳು ಹೇಳಲಿಲ್ಲ. ಸುಳ್ಳು ಬರೆದವನು ನಾನು. ಏಳು ವರ್ಷ ಇದನ್ನು ನುಂಗಿಕೊಂಡು, ಉಂಡು, ತಿರುಗಾಡಿ, ಮಗಳ ಮದುವೆಯನ್ನೂ ಮಾಡಿ — ಈಗ ಹೇಳುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ, ಏಕೆಂದರೆ ಇದನ್ನು ನೀನೊಬ್ಬನೇ ಕೇಳಿದರೆ ಸಾಲದು.

ಆಗ ನೀನು ಕಾರವಾರದ ಬಂದರದಲ್ಲಿ ಸಾಗವಾನಿ ದಿಮ್ಮಿ ಏರಿಸುವ ಕೂಲಿ. ಒಂದು ದಿನ ಹಗ್ಗ ಹರಿದು ದಿಮ್ಮಿ ನಿನ್ನ ಎದೆಗೆ ಬಡಿಯಿತು. ನೀನು ಹಡಗು ನಿಲ್ಲುವ ಧಕ್ಕೆಯ ಕಲ್ಲಿನ ಅಂಚಿನ ಮೇಲೆ ಬೆನ್ನಡಿಯಾಗಿ ಬಿದ್ದೆ. ಎದೆಯ ಗಾಯ ಎರಡು ತಿಂಗಳಲ್ಲಿ ಮಾಯಿತು. ಬೆನ್ನು ಮಾಯಲಿಲ್ಲ. ಕೆಲಸದಲ್ಲಿ ಪೆಟ್ಟಾದ ಕೂಲಿಗೆ ಧಣಿ ಪರಿಹಾರ ಕೊಡಬೇಕೆಂದು ಸರಕಾರದ ಕಾಯಿದೆ ಇದೆಯೆಂದು ಯಾರೋ ಹೇಳಿದರು, ನೀನು ಅರ್ಜಿ ಹಾಕಿದೆ. ಅದನ್ನು ವಿಚಾರಿಸುವ ಬಿಳಿಯ ಸಾಹೇಬರಿಗೆ ಕನ್ನಡ ಬಾರದು. ನಿನ್ನ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವ ಗುಮಾಸ್ತ ನಾನು — ಹಬ್ಬುವಾಡದವನು, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಇಂಗ್ಲಿಷಿನ ಜಂಬ ಮಾತ್ರ ಸ್ವಂತದ್ದು.

ಈಗ ಯಾವ ನೋವು ಉಳಿದಿದೆ ಎಂದು ಸಾಹೇಬರು ಕೇಳಿದರು. ನೀನು ಹೇಳಿದೆ —

“ಮುಂದಿಂದು ಗುಣ ಆತು, ಒಡ್ಯಾ. ಹಿಂದಿಂದೇ ಹೋಗೂದಿಲ್ಲ. ಬಗ್ಗೂಕೂ ಆಗೂದಿಲ್ಲ, ಕೂರೂಕೂ ಆಗೂದಿಲ್ಲ.”

ಮುಂದಿನದು ಎಂದರೆ ಎದೆ, ಹಿಂದಿನದು ಎಂದರೆ ಬೆನ್ನು. ಕೂಸಿಗೂ ತಿಳಿಯುವ ಮಾತು. ಆದರೆ ಊಟದ ಹೊತ್ತು ಮೀರಿತ್ತು, ನಾನು ಅವಸರದಲ್ಲಿ — ಬೇಡ, ಆ ನೆಪವೂ ಬೇಡ. ಆಮೇಲೆ ಆದ ನೋವು ವಾಸಿಯಾಗಿದೆ, ಮೊದಲಿನಿಂದ ಇದ್ದ ನೋವು ಮಾತ್ರ ಹೋಗಿಲ್ಲ ಎಂದು ನಾನು ಸಾಹೇಬರಿಗೆ ಹೇಳಿದೆ, ಹಾಗೆಯೇ ಬರೆದೆ. ಧಣಿಯ ವಕೀಲ ಕುರ್ಚಿಯಲ್ಲಿ ನೆಟ್ಟಗೆ ಕೂತ. ನನ್ನ ಕೊಂಕಣಿಯಲ್ಲೂ ‘ಫಾಟ್ಲೆಂ’ ಎಂದರೆ ಬೆನ್ನ ಕಡೆಯದೂ ಹೌದು, ಹಿಂದೊಮ್ಮೆ ಆದದ್ದೂ ಹೌದು. ಈ ಗೋಜಲು ಗೊತ್ತಿಲ್ಲ ಎನ್ನುವ ಹಾಗೂ ಇಲ್ಲ ನಾನು.

ಅಲ್ಲಿಯವರೆಗಿನದು ತಪ್ಪು. ಪಾಪ ಅದರ ನಂತರದ್ದು. ಹೇಳಿಕೆಯನ್ನು ಕೂಲಿಗೆ ಅವನ ಭಾಷೆಯಲ್ಲಿ ಓದಿ ಹೇಳಿ, ಒಪ್ಪಿದ ಮೇಲೆ ಹೆಬ್ಬೆಟ್ಟು ಒತ್ತಿಸುವುದು ಪದ್ಧತಿ. ನೀನು ಮೇಜಿನ ಬಳಿ ಬಂದೆ. ಬಗ್ಗಲಾಗದೆ, ಒಂದು ಕೈ ಸೊಂಟದ ಮೇಲಿಟ್ಟು, ಮೊಣಕಾಲು ಮಡಚಿ ನಿಧಾನ ಕೆಳಗಿಳಿದೆ. ಆಗ ನನಗೆ ತಿಳಿಯಿತು. ‘ಸಾಹೇಬರೇ, ನಾನು ತಪ್ಪು ಹೇಳಿದೆ’ — ಅಷ್ಟು ಸಾಕಿತ್ತು. ಆದರೆ ಸಾಹೇಬರು ಹಿಂದಿನ ದಿನವಷ್ಟೇ ನನ್ನ ಇಂಗ್ಲಿಷನ್ನು ಹೊಗಳಿದ್ದರು, ಆ ವಕೀಲನ ಎದುರು ನಾನು… ಕಾಗದ ಎತ್ತಿಕೊಂಡೆ. ಅದರಲ್ಲಿ ಇದ್ದದ್ದನ್ನು ಬಿಟ್ಟು, ನಿನ್ನ ಮಾತನ್ನೇ ನಿನಗೆ ತಿರುಗಿ ಓದಿದೆ: “ಮುಂದಿನದು ಗುಣವಾಯಿತು, ಹಿಂದಿನದು ಹೋಗಿಲ್ಲ. ಹೌದೋ?”

“ಹೌದು ಒಡ್ಯಾ, ಸಮಾ ಇದೆ.”

ನಿನ್ನ ಹೆಬ್ಬೆಟ್ಟು ಹಿಡಿದು ಶಾಯಿಗೆ ಒತ್ತಿದವನೂ ನಾನೇ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಆ ಮೀಸೆಯನ್ನು ಹೊತ್ತುಕೊಂಡು ಮನೆಗೆ ಹೋಗಿ ಊಟ ಮಾಡಿದೆ.

ನೋವು ಮೊದಲೇ ಇತ್ತೆಂದು ಅರ್ಜಿದಾರನೇ ಒಪ್ಪಿದ್ದಾನೆ ಎಂದು ಸಾಹೇಬರು ಅರ್ಜಿ ತಳ್ಳಿಹಾಕಿದರು. ನೀನು ನಿನ್ನೂರು ತೋಡೂರಿನಿಂದ ನಡೆದು — ದಾರಿಯಲ್ಲಿ ಎಷ್ಟು ಕಡೆ ನಿಂತೆಯೋ — ನಮ್ಮ ಮನೆಗೆ ಬಂದೆ. ಜಗಲಿಯ ಕಂಬ ಹಿಡಿದು ಕೇಳಿದೆ: “ಎಲ್ಲಾ ಖರೆ ಹೇಳಿದ್ನಲ್ರಾ ಒಡ್ಯಾ, ಮತ್ತೆಂತಕೆ ಕೊಡ್ಲಿಲ್ಲ?” ಮೇಲಿನ ಕೋರ್ಟಿಗೆ ಹೋಗಲು ಇನ್ನೂ ದಿನಗಳಿದ್ದವು. ನನಗೆ ಗೊತ್ತಿತ್ತು. “ನಿನ್ನ ಹಣೆಬರಹ, ಗೌಡಾ” ಎಂದೆ. ಬ್ರಹ್ಮ ಬರೆದದ್ದಲ್ಲ ಅದು. ನೀನು ಕೈ ಮುಗಿದು ಹೊರಟೆ.

ಆಮೇಲಿನದನ್ನು ಅಂಕೋಲೆಯ ಪೇಟೆಯಲ್ಲಿ ನಿನ್ನ ಹೆಂಡತಿ ನಾಗಿ ಹೇಳಿದಳು. ಅವಳು ಸೌದೆಯ ಹೊರೆ ಹೊತ್ತು ಮಾರಲು ಬಂದಿದ್ದಳು. ನೀನು ನಿಂತೇ ಉಣ್ಣುತ್ತೀಯಂತೆ. ಮಗ್ಗುಲಾಗಬೇಕಾದರೆ ಅವಳು ಹಿಡಿದು ಹೊರಳಿಸಬೇಕಂತೆ. ಊರವರು “ಹಳೇ ನೋವಿಗೆ ಹೊಸ ದುಡ್ಡು ಕೇಳೂಕೆ ಹೋದಂವ” ಎಂದು ನಗುತ್ತಾರಂತೆ, ನಿನ್ನ ಅಣ್ಣನೂ ಮಾತು ಬಿಟ್ಟನಂತೆ. ಇಷ್ಟು ಹೇಳಿ, ಹೊರೆ ಇಳಿಸಿ, ದನಿ ತಗ್ಗಿಸಿ ಕೇಳಿದಳು: “ಖರೆ ಹೇಳಿ ಒಡ್ಯಾ, ಅವ್ರಿಗೆ ಮೊದ್ಲೇ ನೋವಿತ್ತೇ? ನಂಗೂ ಹೇಳ್ದೇ ಮುಚ್ಚಿಟ್ಟಿದ್ರೇ?”

ನಾನು ಸೌದೆ ನೋಡುತ್ತ ನಿಂತೆ. ಇಲ್ಲ ಎನ್ನಲಿಲ್ಲ. ಬೀರು, ನಾನು ಮಾಡಿದ್ದರಲ್ಲಿ ಇದೇ ಅತಿ ಹೊಲಸು. ನಿನ್ನ ಬೆನ್ನು ಮುರಿದದ್ದು ದಿಮ್ಮಿ. ನಿನ್ನ ಹೆಂಡತಿಯ ನಂಬಿಕೆ ಮುರಿದದ್ದು ನಾನು.

ಕಳೆದ ವಾರ ತೋಡೂರಿಗೆ ಬಂದದ್ದು ಇದನ್ನು ಬಾಯಾರೆ ಹೇಳಲೆಂದೇ. ನೀನು ಗೋಡೆಗೆ ಒರಗಿ ನಿಂತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ನೀನು ಅಂದೆ: “ಆ ಕಚೇರೀಲಿ ನಾ ಹೇಳದ್ದ ಸಮಾ ಬರ್ಕಂಡವ್ರು ನೀವೊಬ್ರೇ, ಒಡ್ಯಾ.” ನಾನು ನಕ್ಕೆ. ನಕ್ಕು, ನೀನು ಕೊಟ್ಟ ಇಶಾಡ ಮಾವಿನ ಹಣ್ಣು ಕಟ್ಟಿಕೊಂಡು ಹಿಂದಿರುಗಿದೆ. ತಿಂದೆ ಕೂಡ. ಸಿಹಿಯಾಗಿದ್ದವು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ಅದು ನನಗೆ ಗೊತ್ತು, ಅದೇ ಭಯ. ಈ ಕಾಗದದ ಇನ್ನೊಂದು ಪ್ರತಿಯನ್ನು ಇಂದು ಕಚೇರಿಯಲ್ಲಿ ಕೊಟ್ಟೆ. ನನ್ನ ನೌಕರಿ ಹೋಗಬಹುದು, ಹೋಗಲಿ. ಅದರಿಂದ ನಿನ್ನ ಬೆನ್ನು ನೆಟ್ಟಗಾಗದು. ಇದನ್ನು ತೋಡೂರಿನ ಶಾಲೆಯ ಮಾಸ್ತರರು ನಿನ್ನ ಅಂಗಳದಲ್ಲಿ, ನಿನ್ನ ಅಣ್ಣನನ್ನೂ ಊರವರನ್ನೂ ಕರೆಸಿ, ಗಟ್ಟಿಯಾಗಿ ಓದುತ್ತಾರೆ. ನಾನೂ ಅಲ್ಲೇ ನಿಂತಿರುತ್ತೇನೆ.

ನಾಗಿ, ಬಾಗಿಲ ಮರೆಯಲ್ಲಿ ನಿಲ್ಲಬೇಡ, ಹೊರಗೆ ಬಾ. ನಿನ್ನ ಗಂಡನಿಗೆ ಮೊದಲು ಯಾವ ನೋವೂ ಇರಲಿಲ್ಲ.